ಅರಿಮಾಕ್ಕೆ ನಾಲ್ವರು, ನೀರಿಗೆ ಒಬ್ಬಳು

ಆ ವರ್ಷ ಪ್ರವಾಸ ಗೊತ್ತುಮಾಡುವ ಸರದಿ ನನ್ನದಾಗಿತ್ತು. ಕೋಬೆಯಲ್ಲಿ ರೈಲು ಹಳಿಗೂ ಸಮುದ್ರಕ್ಕೂ ನಡುವೆ ಇರುವ ನಮ್ಮ ಅಂಗಡಿಬೀದಿಯಿಂದ ನಾವು ನಾಲ್ವರು ಹೆಂಗಸರು ವರ್ಷಕ್ಕೊಮ್ಮೆ, ಎಲೆ ಕೆಂಪಾಗುವ ಕಾಲಕ್ಕೆ, ಗಂಡಂದಿರನ್ನು ಅಂಗಡಿಗೆ ಕಟ್ಟಿಹಾಕಿ ಎಲ್ಲಾದರೂ ಹೋಗಿ ಒಂದು ರಾತ್ರಿ ಉಳಿದು ಬರುತ್ತೇವೆ. ಮೀನಂಗಡಿಯ ನಾನು, ಶಿಗೆನೊ. ಎದುರಿನ ಉಪ್ಪಿನಕಾಯಿ ಅಂಗಡಿಯ ಫುಸಾಯೆ, ನನ್ನ ಓರಗೆಯವಳು. ಮೂಲೆಯ ಚಹಾ ಅಂಗಡಿಯ ಇತೊಯೊ, ಎಪ್ಪತ್ತು ದಾಟಿದವಳು, ಇಡೀ ಬೀದಿಗೇ ದೊಡ್ಡಕ್ಕ. ಬ್ಯೂಟಿ ಪಾರ್ಲರಿನ ಕಿಯೊಮಿ ನಮ್ಮೆಲ್ಲರಿಗಿಂತ ಚಿಕ್ಕವಳು.

ಪ್ರವಾಸ ಗೊತ್ತುಮಾಡುವುದೆಂದರೆ ನನಗೆ ಮೈಯೆಲ್ಲ ಉರಿ. ನಾನು ತಾಂಬಾ ಕಡೆಯ ಗುಡ್ಡದ ಹಳ್ಳಿಯವಳು. ನಮ್ಮಲ್ಲಿ ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಈ ಪಟ್ಟಣದ ಹೆಂಗಸರ ಬಾಯಲ್ಲಿ ಅವೆರಡು ಮಾತೂ ಬರುವುದಿಲ್ಲ. ಏನು ಕೇಳಿದರೂ ಒಂದೇ ಉತ್ತರ, ನನಗೆ ಯಾವುದಾದರೂ ಸರಿ.

ಅಕ್ಟೋಬರಿನ ಒಂದು ಸಂಜೆ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದೆವು. ದೊಡ್ಡಕ್ಕ ತಂದ ಹುರಿದ ಚಹಾ, ಫುಸಾಯೆ ತಂದ ಮೂಲಂಗಿ ಉಪ್ಪಿನಕಾಯಿ ಮಧ್ಯದಲ್ಲಿದ್ದವು. ನಮಗೆ ಮೂವರಿಗೂ ಬುಧವಾರ ರಜೆ, ಪಾರ್ಲರಿಗೆ ಸೋಮವಾರ. ಹಾಗಾಗಿ ಮೊದಲ ಜಗಳ ದಿನದ ಮೇಲೆಯೇ.

"ನನಗೆ ಯಾವ ದಿನವಾದರೂ ಸರಿ ಅಕ್ಕ," ಎಂದಳು ಕಿಯೊಮಿ.

"ಹಾಗಾದರೆ ಬುಧವಾರ. ಅಂಗಡಿ ಮುಚ್ಚಿ ಬಾ."

"ಬುಧವಾರ... ಒಬ್ಬರು ಕೂದಲಿಗೆ ಬಣ್ಣ ಹಾಕಿಸ್ಕೋಬೇಕು ಅಂದಿದ್ರು..."

"ಅಂದ್ರೆ ಆಗಲ್ಲ ಅಂತ."

"ಆಗಲ್ಲ ಅಂತ ಅಲ್ಲ ಅಕ್ಕ..."

"ಮತ್ತೇನು? ಆಗುತ್ತೋ ಆಗಲ್ವೋ? ನಿನ್ನ ಬಾಯಿಂದ ಒಂದು ಮಾತು ತೆಗೆಯೋದಕ್ಕಿಂತ ಮಡಕೆಯೊಳಗೆ ಅಡಗಿ ಕೂತ ಆಕ್ಟೋಪಸ್‌ನ ಎಳೆಯೋದು ಸುಲಭ."

ಅಂಗಡಿಯ ಮುಂದೆ ಚಾಕು ಮಸೆಯುತ್ತಿದ್ದ ನನ್ನ ಗಂಡ ರಿಯೊಸಾಕು ಅಲ್ಲಿಂದಲೇ, "ಮೆಲ್ಲಗೆ ಮಾತಾಡೇ, ಗಿರಾಕಿ ಓಡಿಹೋಗ್ತಾರೆ," ಎಂದ.

"ಓಡಿದರೆ ಹಿಡ್ಕೊಂಡು ಬನ್ನಿ," ಎಂದೆ ನಾನು.

ಬುಧವಾರ ಎಂದು ನಾನೇ ಹೇಳಿಬಿಟ್ಟೆ. ಕಿಯೊಮಿಯ ಮುಖ ಅರಳಿದ್ದು ನೋಡಿದರೆ ಅವಳಿಗೂ ಅದೇ ಬೇಕಿತ್ತು. ಬಣ್ಣ ಹಾಕಿಸಿಕೊಳ್ಳುವವಳ ಮೇಲೆ ಅವಳಿಗೆ ಏನೋ ಸಿಟ್ಟು, ಅದನ್ನೂ ಹೇಳಲಾರಳು.

ಎಲ್ಲಿಗೆ ಎನ್ನುವ ಪ್ರಶ್ನೆ ಬಂದಾಗ ಯಾವತ್ತೂ ಬಾಯಿ ಬಿಡದ ಫುಸಾಯೆ ಕಪ್ಪು ಕೆಳಗಿಟ್ಟಳು.

"ನನಗೆ ಬೆಟ್ಟ ಹತ್ತಬೇಕು," ಎಂದಳು. "ಬಸ್ಸಲ್ಲಿ ಬೇಡ. ರೊಕ್ಕೊ ಬೆಟ್ಟ ದಾಟಿ ಅರಿಮಾಕ್ಕೆ ನಡ್ಕೊಂಡು ಹೋಗ್ಬೇಕು. ಹಳೇ ಮೀನಿನವರ ದಾರಿ ಇದೆಯಲ್ಲ, ಅದರಲ್ಲಿ."

ಫುಸಾಯೆಗೆ ಹಿಂದಿನ ವರ್ಷ ಎಡ ಎದೆಯಲ್ಲಿ ಗಂಟು ಎಂದು ಆಪರೇಷನ್ ಆಗಿತ್ತು. ಆ ವರ್ಷದ ಪ್ರವಾಸ ನಾವು ಕೈಬಿಟ್ಟಿದ್ದೆವು. ತಲೆಗೂದಲು ಈಗ ಗಂಡುಹುಡುಗರ ಹಾಗೆ ಗಿಡ್ಡಕ್ಕೆ, ಗುಂಗುರಾಗಿ ಬೆಳೆದಿತ್ತು.

"ಆಸ್ಪತ್ರೆ ಹಾಸಿಗೆಯಿಂದ ಕಾಣ್ತಿದ್ದದ್ದು ಆ ಬೆಟ್ಟ ಒಂದೇ," ಎಂದಳು ಅವಳು. "ಅದರ ಆಚೆ ಬದಿಯಲ್ಲಿ ಏನಿದೆ ಅಂತ ನಡೆದು ನೋಡಬೇಕು ಅಂದ್ಕೊಂಡಿದ್ದೆ."

"ಆಚೆ ಬದಿಯಲ್ಲಿ ಬಿಸಿನೀರಿನ ಬುಗ್ಗೆ ಇದೆ," ಎಂದೆ ನಾನು. ನನ್ನ ಹೊಟ್ಟೆಯೊಳಗೇ ಬುಗ್ಗೆ ಎದ್ದ ಹಾಗೆ ಖುಷಿಯಾಗಿತ್ತು. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ನಾನೂ ಅವಳೂ ಹೆಂಗಸರೆಲ್ಲ ಬಟ್ಟೆ ಕಳಚಿ ಒಂದೇ ತೊಟ್ಟಿಗಿಳಿಯುವ ಬೀದಿಯ ಕೊನೆಯ ಸಾರ್ವಜನಿಕ ಸ್ನಾನದ ಮನೆಗೆ ಜೊತೆಯಾಗಿ ಹೋಗುತ್ತಿದ್ದವರು. ಅವಳ ಬೆನ್ನು ನಾನು, ನನ್ನ ಬೆನ್ನು ಅವಳು ಉಜ್ಜಿಕೊಂಡೇ ಮಕ್ಕಳನ್ನು ಬೆಳೆಸಿದೆವು, ಅತ್ತೆಯರನ್ನು ಬೈದೆವು. ಆಪರೇಷನ್ ಆದಮೇಲೆ ಅವಳು ನನ್ನ ಜೊತೆ ಬರುವುದು ನಿಂತಿತ್ತು. ಮನೆಯ ತೊಟ್ಟಿಯೇ ಸಾಕು ಎನ್ನುತ್ತಿದ್ದಳು. ನನಗೆ ಸ್ನಾನದ ಮನೆಗೆ ಒಬ್ಬಳೇ ಹೋದರೆ ಮೀನು ತೊಳೆದಷ್ಟೇ ಸುಖ. ಅರಿಮಾದಲ್ಲಾದರೂ ಅವಳನ್ನು ಮತ್ತೆ ನೀರಿಗಿಳಿಸಬೇಕು ಎಂದು ಅಲ್ಲೇ, ಆ ಕ್ಷಣದಲ್ಲೇ ಮನಸ್ಸು ಮಾಡಿದೆ.

ಅವಳು ನನ್ನ ಮನಸ್ಸು ಓದಿದವಳ ಹಾಗೆ, "ಬೆಟ್ಟ ಹತ್ತೀನಿ, ನೀರಿಗಿಳಿಯಲ್ಲ," ಎಂದಳು. "ನೀವು ಸ್ನಾನಕ್ಕೆ ಹೋದಾಗ ನಾನು ಚೀಲ ಕಾಯ್ತೀನಿ."

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡಳು.

"ನಿಜ ಹೇಳಬೇಕು ಅಂದ್ರೆ ನನಗೂ ಅಲ್ಲಿನ ಕಬ್ಬಿಣದಂಶದ ಕೆಂಪು ನೀರು ಮೈಗಾಗಲ್ಲ. ಕಡಿತ."

"ನಾನೂ ಕೂದಲಿಗೆ ಹೊಸದಾಗಿ ಬಣ್ಣ ಹಾಕ್ಕೊಂಡಿದ್ದೀನಿ," ಎಂದಳು ಕಿಯೊಮಿ. "ಹಬೆ ತಾಗಿದ್ರೆ ಹಾಳಾಗುತ್ತೆ."

ದೊಡ್ಡಕ್ಕ ಅರಿಮಾದ ನೀರನ್ನು ಬಾಟಲಿಯಲ್ಲಿ ತುಂಬಿಸಿ ತಂದು ಕಾಲು ನೆನೆಸಿಕೊಳ್ಳುವವಳು. ಕಿಯೊಮಿ ದಿನವಿಡೀ ಬಣ್ಣ ಹಾಕುವುದು, ಹಬೆ ಹಿಡಿಯುವುದೇ ಕಸುಬಾದವಳು. ಫುಸಾಯೆಗೆ ಮುಜುಗರವಾಗಬಾರದೆಂದು ಇಬ್ಬರೂ ಸುಳ್ಳು ಹೇಳುತ್ತಿದ್ದರು, ಸುಳ್ಳೆಂದು ಫುಸಾಯೆಗೂ ಗೊತ್ತು, ಅವಳಿಗೆ ಗೊತ್ತೆಂದು ಅವರಿಗೂ ಗೊತ್ತು. ಮೂವರೂ ತಲೆಯಾಡಿಸಿಕೊಂಡು ಚಹಾ ಕುಡಿದರು.

"ಹಾಗಾದರೆ ಅರಿಮಾಕ್ಕೆ ನಾಲ್ವರು, ನೀರಿಗೆ ನಾನೊಬ್ಬಳೇ?" ಎಂದೆ. "ಊರೂರಿನ ಜನ ಮುಳುಗೋಕೆ ಬರೋ ಜಾಗಕ್ಕೆ ಬೆಟ್ಟ ದಾಟಿ ಹೋಗಿ, ಹಬೆ ನೋಡ್ಕೊಂಡು ಬರೋಣ್ವಾ? ನಮ್ಮ ಅಂಗೈಯಗಲದ ಅಡಿಗೆಮನೆಯಲ್ಲಿ ಕೆಟಲ್ ಇಟ್ಟರೂ ಹಬೆ ಬರುತ್ತೆ."

"ಶಿಗೆನೊ," ಎಂದಳು ದೊಡ್ಡಕ್ಕ, "ಬಾಯಿ ಮುಚ್ಚಿ ಉಪ್ಪಿನಕಾಯಿ ತಿನ್ನು."

ತಿಂದೆ. ಆದರೆ ಮಾರನೆಯ ದಿನವೇ ಅರಿಮಾದ ಒಂದು ಚಿಕ್ಕ ವಸತಿಗೃಹಕ್ಕೆ ಫೋನ್ ಮಾಡಿದೆ. ಮಾಲಕಿಯ ಮಾತು ಜೇನಿಗಿಂತ ನಿಧಾನ.

"ನಿಮ್ಮ ನೀರು ನಿಜವಾಗಿ ಕೆಂಪೋ, ಇಲ್ಲಾ ಫೋಟೋದಲ್ಲಿ ಮಾತ್ರವೋ?" ಎಂದು ಕೇಳಿದೆ.

"ಇಟ್ಟಿಗೆ ಬಣ್ಣದ್ದು, ಅಮ್ಮಾವ್ರೇ. ಕೈ ಅದ್ದಿದರೆ ಮಣಿಕಟ್ಟು ಕಾಣೋದಿಲ್ಲ."

"ಎದೆ ಆಪರೇಷನ್ ಆದೋರು ಮೈಮುಚ್ಚೋ ಬಟ್ಟೆ ಉಟ್ಕೊಂಡು ಇಳೀಬಹುದಾ?"

"ಧಾರಾಳವಾಗಿ. ನಾವೇ ಕೊಡ್ತೀವಿ. ಅದೂ ಬೇಡ ಅನ್ನಿಸಿದರೆ ಕುಟುಂಬದವರಿಗೆ ಅಂತ ಒಂದು ಚಿಕ್ಕ ಸ್ನಾನದ ಕೋಣೆ ಇದೆ. ಒಳಗಿಂದ ಚಿಲಕ ಹಾಕ್ಕೊಂಡು ಒಂದು ಗಂಟೆ ಆರಾಮವಾಗಿ ಇರಬಹುದು."

ಅದೇ ಸರಿ ಎಂದೆ. ಚಿಲಕ ಹಾಕಿದ ಕೋಣೆಯಲ್ಲಿ ನಾನೂ ಫುಸಾಯೆಯೂ ಇಬ್ಬರೇ. ಯಾರೂ ನೋಡುವುದಿಲ್ಲ, ಅವಳು ಬಂದೇ ಬರುತ್ತಾಳೆ. ಊಟಕ್ಕೆ ಮುಂಚಿನ ಹೊತ್ತು ಹಿಡಿದೆ. ಉಳಿದವರಿಗೆ ವಸತಿಗೃಹದ ಹೆಸರಷ್ಟೇ ಹೇಳಿ, ಕೋಣೆಯ ವಿಷಯ ಗುಟ್ಟಾಗಿಟ್ಟೆ. ಸಮಯ ಬಂದಾಗ ಕೈಹಿಡಿದು ಎಳೆದುಕೊಂಡು ಹೋಗುವುದು ಎಂದು ಲೆಕ್ಕ ಹಾಕಿದೆ.

ಹೊರಡುವ ಹಿಂದಿನ ವಾರ ಕೊನೆಯ ಮಾತುಕತೆಗೆ ಮತ್ತೆ ಸೇರಿದೆವು. ನಾನು ಮೀನು ಹೆಚ್ಚುತ್ತಲೇ ಮಾತಾಡುತ್ತಿದ್ದೆ. ಯಾರು ಏನು ಹೊರಬೇಕು, ಎಲ್ಲಿ ಊಟ ಎನ್ನುವುದೆಲ್ಲ ತೀರ್ಮಾನವಾಗುತ್ತಿತ್ತು. ದೊಡ್ಡಕ್ಕ ದಿನಾ ನಸುಕಿನಲ್ಲಿ ಊರ ಹಿಂದಿನ ಗುಡ್ಡ ಹತ್ತಿ ಇಳಿದು ಆಮೇಲೆ ಅಂಗಡಿ ತೆಗೆಯುವವಳು. ಬೆಟ್ಟದ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲ.

"ದಾರಿಯಲ್ಲಿ ಸಿಗೋ ಗಾಳಿಬಂಡೆಯ ಹತ್ತಿರ ಊಟದ ಕಟ್ಟು ಬಿಚ್ಚಬೇಡಿ," ಎಂದಳು. "ಅಲ್ಲಿ ಕಾಡುಹಂದಿಗಳು ಕಾಯ್ಕೊಂಡಿರ್ತವೆ."

"ಹಂದಿ ನನ್ನ ಹತ್ರ ಬರಲಿ ನೋಡೋಣ," ಎಂದೆ.

ಆಗ ಫೋನ್ ಬಡಿಯಿತು. ನನ್ನ ಎರಡೂ ಕೈ ಬಂಗುಡೆಯ ಹೊಟ್ಟೆಯೊಳಗಿದ್ದವು. ಕಿಯೊಮಿಗೆ ಸ್ಪೀಕರ್ ಒತ್ತಲು ಹೇಳಿದೆ. ಅರಿಮಾದ ಮಾಲಕಿ.

"ತೊಂದರೆ ಕೊಡ್ತಿದ್ದೀನಿ ಅಮ್ಮಾವ್ರೇ, ಕ್ಷಮಿಸಬೇಕು. ನಿಮ್ಮ ಗುಂಪಿನ ಚಿಕ್ಕ ಸ್ನಾನದ ಕೋಣೆಯ ವಿಷಯ. ನಾಲ್ಕರಿಂದ ಐದು ಇತೊಯೊ ಅವರು ಹಿಡಿದಿದ್ದಾರೆ, ಫುಸಾಯೆ ಅವರಿಗಾಗಿ ಅಂತ. ಐದರಿಂದ ಆರು ನೀವು, ಫುಸಾಯೆ ಅವರಿಗಾಗಿ. ಆರರಿಂದ ಏಳು ಕಿಯೊಮಿ ಅವರು, ಅದೂ ಫುಸಾಯೆ ಅವರಿಗಾಗಿ. ಏಳರಿಂದ ಎಂಟು ಫುಸಾಯೆ ಅವರೇ ಹಿಡಿದಿದ್ದಾರೆ, ಅದು ಉಳಿದ ಮೂವರಿಗಾಗಿ. ತಮ್ಮಿಂದಾಗಿ ಅವರು ಸ್ನಾನ ಬಿಡಬಾರದು, ತಮ್ಮ ಕಣ್ಣಿಗೆ ಬೀಳದ ಹಾಗೆ ಮಾಡ್ಕೊಳ್ಳಲಿ ಅಂತ ಹೇಳಿದ್ರು. ನಮಗೇನೂ ಅಭ್ಯಂತರ ಇಲ್ಲ. ಊಟ ಮಾತ್ರ ಯಾವಾಗ ಬಡಿಸಬೇಕು ಅಂತ ತಿಳೀಲಿಲ್ಲ."

ಅಂಗಡಿಯ ಮುಂದೆ ರಿಯೊಸಾಕು ಚಾಕು ಮಸೆಯುವುದನ್ನು ನಿಲ್ಲಿಸಿದ. ಮಂಜುಗಡ್ಡೆ ಕರಗಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಕಿಯೊಮಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ದೊಡ್ಡಕ್ಕ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು. ನಗು ತಡೆಯಲಾರದೆ ನನ್ನ ಮೂಗಿನಿಂದ ಒಂದು ಸದ್ದು ಬಂತು.

ಫುಸಾಯೆ ನಗಲಿಲ್ಲ. ಅವಳಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮಾಡ್ಕೊಳ್ಳಿ," ಎಂದಳು. "ನನ್ನನ್ನ ಒಳಗೆ ಹಾಕಿ ಚಿಲಕ ಜಡೀರಿ. ಅದನ್ನೇ ಅಲ್ವಾ ಎಲ್ಲರೂ ಮಾಡ್ತಿರೋದು?"

"ಫುಸಾಯೆ ಅಕ್ಕ, ನಾವು ನಿಮಗೆ ಕಷ್ಟ ಆಗಬಾರದು ಅಂತ..."

"ನನಗೆ ಗಾಯದ ನಾಚಿಕೆ ಅಂದ್ಕೊಂಡಿದ್ದೀಯಾ? ನಾಚಿಕೆಯ ವಯಸ್ಸು ದಾಟಿ ಎಷ್ಟು ಕಾಲ ಆಯ್ತು. ಈ ವಸಂತದಲ್ಲಿ ನಾನು ಬೀದಿಯ ಸ್ನಾನದ ಮನೆಗೆ ಹೋಗಿದ್ದೆ. ಶಿಗೆನೊ ಮೀನಿನ ಹರಾಜಿಗೆ ಹೋಗಿದ್ದಳು, ಒಬ್ಬಳೇ ಹೋದೆ. ಒಳಗೆ ಎಲ್ಲಾ ಗೊತ್ತಿರೋರೇ. ನೀನೂ ಇದ್ದೆ ಕಿಯೊಮಿ. ನಾನು ಒಳಗೆ ಬಂದ ತಕ್ಷಣ ಎಲ್ಲರೂ ತಿರುಗಿ ಅವರವರ ನಲ್ಲಿ ನೋಡ್ತಾ ಕೂತರು. ಒಬ್ಬರೂ ಏನೂ ಅನ್ನಲಿಲ್ಲ. ಮೊದಲೆಲ್ಲ ನನ್ನ ಹೊಟ್ಟೆ ನೋಡಿ, ಮೂಲಂಗಿ ಜಾಡಿ ಬಂತು ಅಂತ ಆಡಿಕೊಳ್ತಿದ್ದ ಹೆಂಗಸರು. ನಾನು ಸತ್ತು ದೆವ್ವವಾಗಿ ಬಂದಿದ್ದರೂ ಅಷ್ಟು ಮರ್ಯಾದೆ ಕೊಡ್ತಿರಲಿಲ್ಲ."

ಕಿಯೊಮಿ ಕ್ಷಮಿಸಿ ಎನ್ನುವಂತೆ ಬಗ್ಗಿ ಚಾಪೆಗೆ ಹಣೆ ಮುಟ್ಟಿಸಿದಳು. "ನೋಡಿದರೆ ನಿಮಗೆ ನೋವಾಗುತ್ತೆ ಅಂದ್ಕೊಂಡೆ," ಎಂದಳು. ಅವಳ ಧ್ವನಿ ಕೇಳಿಸಿಯೂ ಕೇಳಿಸದಷ್ಟು ಸಣ್ಣಗಿತ್ತು.

"ಅಮ್ಮಾವ್ರೇ?" ಎಂದಿತು ಫೋನು. "ಊಟ..."

"ನಾಲ್ಕೂ ರದ್ದು ಮಾಡಿ," ಎಂದು ನಾನು ಕೂಗಿದೆ. "ಆ ಚಿಕ್ಕ ಕೋಣೆ ಯಾರಿಗಾದರೂ ಹೊಸ ಜೋಡಿಗೆ ಕೊಡಿ. ನಾವು ದೊಡ್ಡ ತೊಟ್ಟಿಗೇ ಬರ್ತೀವಿ. ಊಟ ಆರೂವರೆಗೆ."

"ನಾನು ಬರ್ತೀನಿ ಅಂದಿಲ್ಲ," ಎಂದಳು ಫುಸಾಯೆ.

"ಈವತ್ತು ಬರಲ್ಲ ಅಂತಾನೂ ಅನ್ನಲಿಲ್ಲ."

"ನೋಡೋಣ," ಎಂದಳು. ಉಪ್ಪಿನಕಾಯಿಯ ಡಬ್ಬಿ ಮುಚ್ಚಿ ಎದ್ದುಹೋದಳು. ನಮ್ಮ ಬೀದಿಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಬೇರೆ ಯಾರಾದರೂ ಅಂದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆ.

ಆ ಬುಧವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಸಮುದ್ರದ ಬದಿಯಿಂದ ಹೊರಟು ಗುಡಿಯ ಪಕ್ಕದ ಮೆಟ್ಟಿಲು ಹತ್ತಿ ಕಾಡು ಹೊಕ್ಕೆವು. ಹಿಂದಿನ ಕಾಲದ ಮೀನಿನವರು ಬುಟ್ಟಿ ಹೊತ್ತು ಓಡಿದ ದಾರಿ ಅದು. ನಾನೂ ಮೀನಿನವಳೇ, ಆದರೆ ಓಡುವುದಿರಲಿ, ಮೊದಲ ಏರಿಗೇ ನನ್ನ ಉಸಿರು ಕಿತ್ತುಬಂತು. ದೊಡ್ಡಕ್ಕ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಮೇಕೆಯ ಹಾಗೆ ಮುಂದೆ ಮುಂದೆ ಹೋಗುತ್ತಿದ್ದಳು. ಎದುರಾದ ಮುದುಕರೆಲ್ಲ ಅವಳಿಗೆ ಪರಿಚಯದವರು.

"ಈವತ್ತು ಸಾಮಾನು ಸರಂಜಾಮು ಜೊತೆ ಬಂದಿದ್ದೀರಿ," ಎಂದ ಒಬ್ಬ ಮುದುಕ, ನಮ್ಮ ಮೂವರನ್ನು ನೋಡಿ.

"ಹೂಂ, ಇದರಲ್ಲಿ ಒಂದು ಸ್ವಲ್ಪ ಜಾಸ್ತಿ ಭಾರ," ಎಂದಳು ದೊಡ್ಡಕ್ಕ ನನ್ನನ್ನು ತೋರಿಸಿ.

ಗಾಳಿಬಂಡೆ ತಲುಪುವಷ್ಟರಲ್ಲಿ ನನ್ನ ಹೊಟ್ಟೆ ಹಸಿದು ಕೂಗುತ್ತಿತ್ತು. ನಸುಕಿನಲ್ಲೆದ್ದು ಬಂಗುಡೆಗೆ ಉಪ್ಪು, ಹುಳಿ ಹಾಕಿ, ಅನ್ನದ ಮೇಲಿಟ್ಟು ಒತ್ತಿ, ಬಿದಿರೆಲೆ ಸುತ್ತಿ ತಂದಿದ್ದೆ. ಒಂದೇ ಒಂದು ತುಂಡು ಬಾಯಿಗೆ ಹಾಕಿಕೊಳ್ಳೋಣವೆಂದು ಕಟ್ಟು ಬಿಚ್ಚಿದೆ. ಬೆನ್ನ ಹಿಂದೆ ಯಾರೋ ಸುಯ್ಯೆಂದು ಉಸಿರುಬಿಟ್ಟರು. ತಿರುಗಿದರೆ ಹಂದಿ. ನನ್ನ ಗಂಡನಷ್ಟೇ ಅಗಲ, ಅವನಷ್ಟೇ ಶಾಂತ.

"ಹೋಗು," ಎಂದು ಗದರಿದೆ. ಮೀನು ಮಾರುಕಟ್ಟೆಯಲ್ಲಿ ದಲ್ಲಾಳಿಗಳು ಹೆದರುವ ಧ್ವನಿ ಅದು. ಹಂದಿ ಕಿವಿ ಅಲ್ಲಾಡಿಸಿ, ಮುಂದೆ ಬಂದು, ಇಡೀ ಕಟ್ಟನ್ನೇ ಕಚ್ಚಿಕೊಂಡು ನಡೆದೇ ಹೋಯಿತು. ಓಡಲೂ ಇಲ್ಲ.

"ಅಕ್ಕ, ಬಿದಿರೆಲೆಯಾದರೂ ವಾಪಸ್ ಕೇಳಿ," ಎಂದಳು ಕಿಯೊಮಿ.

ಫುಸಾಯೆ ಬಂಡೆಗೆ ಒರಗಿ ನಗತೊಡಗಿದಳು. ನಕ್ಕು ನಕ್ಕು ಎದೆ ಹಿಡಿದುಕೊಂಡಳು. "ಬಿಡೇ, ಹೊಲಿಗೆ ಎಳೀತದೆ, ನಗಿಸಬೇಡ," ಎಂದಳು. ನಾನು ಇನ್ನಷ್ಟು ಬೈದೆ, ಹಂದಿಯನ್ನೂ ಅದರ ವಂಶವನ್ನೂ. ಅವಳಿಗೆ ಹೊಲಿಗೆ ಎಳೆದರೂ ಪರವಾಗಿಲ್ಲ ಎಂದುಕೊಂಡೆ. ಆಮೇಲೆ ಅವಳ ಅನ್ನದ ಉಂಡೆಯಲ್ಲೇ ನನಗೂ ಪಾಲು ಸಿಕ್ಕಿತು.

ಬೆಟ್ಟದ ನೆತ್ತಿಯಲ್ಲಿ ನಿಂತಾಗ ಊರು, ಬಂದರು, ಕಡಲು ಎಲ್ಲ ಕಾಲಡಿಯಲ್ಲಿತ್ತು. ಫುಸಾಯೆ ಬಹಳ ಹೊತ್ತು ಆಸ್ಪತ್ರೆಯ ಬಿಳಿ ಕಟ್ಟಡವನ್ನು ಹುಡುಕಿದಳು.

"ಅಲ್ಲಿಂದ ನೋಡಿದರೆ ಇಲ್ಲಿ ಏನೋ ದೊಡ್ಡದು ಇದೆ ಅನ್ನಿಸ್ತಿತ್ತು," ಎಂದಳು. "ಇಲ್ಲಿ ಬಂದರೆ ಬರೀ ಫೋನಿನ ಗೋಪುರ."

"ಬೇಜಾರಾಯ್ತಾ?"

"ಇಲ್ಲ. ಕಾಲು ನೋಯ್ತಿದೆ. ಅದೇ ಚೆನ್ನಾಗಿದೆ."

ನೀರಿನ ಮಾತು ನಾಲಗೆಯ ತುದಿಗೆ ಬಂತು. ಕಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಇಳಿಜಾರಿನಲ್ಲಿ ನನ್ನ ಮಂಡಿ ಕೈಕೊಟ್ಟಿತು. ಅರಿಮಾ ತಲುಪಿದಾಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಡೆಯುವ ಹೆಂಗಸಾಗಿದ್ದೆ. ದೊಡ್ಡಕ್ಕನೂ ಕಿಯೊಮಿಯೂ ಟವೆಲ್ ತೆಗೆದುಕೊಂಡು ಮೊದಲೇ ಹೋದರು. ಕಡಿತ, ಕೂದಲ ಬಣ್ಣ ಯಾವುದೂ ಅವರಿಗೆ ನೆನಪಿರಲಿಲ್ಲ. ನಾನು ಕೋಣೆಯಲ್ಲಿ ಕಾಲುಚೀಲ ಬಿಚ್ಚಲು ಬಗ್ಗಿದೆ, ಆಗಲಿಲ್ಲ. ಮತ್ತೆ ಬಗ್ಗಿದೆ.

ಫುಸಾಯೆ ಚೀಲಗಳ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

"ಬೇಕು ಅಂತ ಮಾಡ್ತಿದ್ದೀಯಾ?" ಎಂದು ಕೇಳಿದಳು.

"ಬೇಕು ಅಂತ ಮಾಡೋಷ್ಟು ಬುದ್ಧಿ ಇದ್ದಿದ್ದರೆ ಹಂದಿಗೆ ಊಟ ಕೊಡ್ತಿದ್ನಾ?"

ಅವಳು ಎದ್ದು ಬಂದು ನನ್ನ ಕಾಲುಚೀಲ ಎಳೆದಳು. ಆಮೇಲೆ ತೋಳು ಹಿಡಿದು ಸ್ನಾನದ ಮನೆಯ ಬಟ್ಟೆ ಬಿಚ್ಚುವ ಕೋಣೆಯವರೆಗೂ ನಡೆಸಿಕೊಂಡು ಬಂದಳು. ಅಲ್ಲಿ ಬುಟ್ಟಿಯ ಮುಂದೆ ನಿಂತಳು. ವಾಪಸ್ ಹೋಗಲಿಲ್ಲ, ಮುಂದೆಯೂ ಬರಲಿಲ್ಲ. ಮಾಲಕಿ ಮಡಚಿಟ್ಟಿದ್ದ ಮೈಮುಚ್ಚುವ ಬಟ್ಟೆ ಮೂಲೆಯಲ್ಲಿತ್ತು. ಅವಳು ಅದನ್ನು ಎತ್ತಿ ನೋಡಿ ಅಲ್ಲೇ ಇಟ್ಟಳು. ತನ್ನ ಅಂಗಿಯ ಗುಂಡಿಗಳನ್ನು ಬಿಚ್ಚಿದಳು.

"ನೋಡು," ಎಂದಳು.

ನೋಡಿದೆ. ಹರಾಜಿನಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ, ಬೆಳಕಿಗೆ ಹಿಡಿದು ನೋಡಿದೆ. ಒಂದು ನೇರ ಗೆರೆ, ಕಂಕುಳಿನಿಂದ ಮಧ್ಯದವರೆಗೆ, ಗುಲಾಬಿ ಬಣ್ಣ.

"ಸೀಳಿದವನು ಕಸುಬುದಾರ," ಎಂದೆ. "ಇಷ್ಟು ನೇರ ನನಗೆ ಬರಲ್ಲ. ನಮ್ಮ ಅಂಗಡಿಗೆ ಕೆಲಸಕ್ಕೆ ಬರ್ತಾನಾ ಕೇಳು."

ಅವಳು ಉಸಿರು ಬಿಗಿಹಿಡಿದಿದ್ದಳು. ಇನ್ನೂ ಸಾಲದು ಎಂದು ನನಗೆ ಗೊತ್ತಿತ್ತು.

"ಬಲಗಡೆಯದನ್ನು ಹೇಳೋ ಹಾಗಿಲ್ಲ. ಎಡಗಡೆಯದು ಹೊರಟುಹೋಯ್ತು ಅಂತ ಬೇಜಾರಲ್ಲಿ ಇನ್ನೂ ಕೆಳಗೆ ಇಳಿದುಬಿಟ್ಟಿದೆ. ಮೂಲಂಗಿ ಜಾಡಿ ಮಾತ್ರ ಮೊದಲಿನ ಹಾಗೇ ಇದೆ."

ಟವೆಲ್ಲಿನಿಂದ ಬೀಸಿ ಹೊಡೆದಳು. ಒದ್ದೆಯಾಗದ ಟವೆಲ್ಲಾದರೂ ಚುರ್ರೆಂದಿತು. ಹೊಡೆದವಳೇ ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ನಾನೂ ಕಣ್ಣೊರೆಸಿಕೊಂಡೆ, ಹಬೆ ಜಾಸ್ತಿ ಇತ್ತು.

ಒಳಗೆ ಹೋದಾಗ ಕಿಯೊಮಿ ನಲ್ಲಿಯ ಮುಂದೆ ಕೂತಿದ್ದಳು. ಬಾಗಿಲ ಸದ್ದಿಗೆ ತಿರುಗಿ, ಅಭ್ಯಾಸಬಲದಿಂದ ಮುಖ ಆಚೆ ಮಾಡಿದಳು. ಆಮೇಲೆ ಕುತ್ತಿಗೆಯನ್ನು ಕೈಯಿಂದ ಹಿಡಿದು ತಿರುಗಿಸಿಕೊಂಡವಳ ಹಾಗೆ ಈ ಕಡೆ ತಿರುಗಿದಳು. ಮುಖ ಟೊಮೇಟೊ ಆಗಿತ್ತು.

"ಫುಸಾಯೆ ಅಕ್ಕ, ನಿಮ್ಮ... ನಿಮ್ಮ ಹಿಂಭಾಗ ಬಹಳ ದೊಡ್ಡದಾಗಿದೆ," ಎಂದಳು.

"ಅಷ್ಟು ಕಷ್ಟಪಟ್ಟು ಹೇಳಬೇಡ ಮಗಳೇ," ಎಂದಳು ಫುಸಾಯೆ.

ದೊಡ್ಡಕ್ಕ ಇಟ್ಟಿಗೆ ಬಣ್ಣದ ನೀರಿನಲ್ಲಿ ಗಲ್ಲದವರೆಗೆ ಮುಳುಗಿ, ತಲೆಯ ಮೇಲೆ ಟವೆಲ್ ಇಟ್ಟುಕೊಂಡು, "ಬಾಗಿಲು ಹಾಕ್ಕೊಂಡು ಬನ್ರೇ, ಚಳಿ," ಎಂದಳು. ಅಷ್ಟೇ.

ಮೈ ತೊಳೆದುಕೊಂಡು ನಾವೂ ಇಳಿದೆವು. ಉಪ್ಪುಪ್ಪಾದ, ದಪ್ಪ ನೀರು. ನನ್ನ ಮಂಡಿಗಳು ಒಳಗೆಲ್ಲೋ ಕರಗಿಹೋದವು. ಅವು ಇವೆಯೋ ಇಲ್ಲವೋ ಕಾಣುವಂತಿರಲಿಲ್ಲ. ಫುಸಾಯೆ ಹೆಚ್ಚು ಹೊತ್ತು ಮುಳುಗಿರಲಾರದೆ ಎದ್ದು ತೊಟ್ಟಿಯ ಅಂಚಿನ ಕಲ್ಲಿನ ಮೇಲೆ ಕೂತಳು. ಕಾಲು ಮಾತ್ರ ನೀರಿನಲ್ಲಿ, ಟವೆಲ್ ತಲೆಯ ಮೇಲೆ. ಕಿಟಕಿಯಾಚೆ ಮೇಪಲ್ ಮರ ಉರಿಯುತ್ತಿತ್ತು.

ಆಗ ಜಾರುಬಾಗಿಲು ಸರಿಯಿತು. ಯಾರೋ ಬೇರೆ ಊರಿನ ಇಬ್ಬರು ಹೆಂಗಸರು, ತಾಯಿ ಮಗಳು ಇರಬೇಕು. ನಮಸ್ಕಾರ ಹೇಳಿ ಒಳಗೆ ಬಂದರು. ಫುಸಾಯೆಯನ್ನು ಕಂಡರು. ಇಬ್ಬರೂ ಒಂದೇ ಸಲಕ್ಕೆ ಮುಖ ತಿರುಗಿಸಿ ನಲ್ಲಿಗಳ ಕಡೆ ನಡೆದರು. ನನ್ನ ಕೈ ನೀರಿನಡಿಯಲ್ಲಿ ಮುಷ್ಟಿಯಾಯಿತು. ಬಾಯಿ ತೆರೆದೆ. ಫುಸಾಯೆ ಕಾಲಿನಿಂದ ನನ್ನ ಭುಜ ಒತ್ತಿ ಕೆಳಗೆ ಕೂರಿಸಿದಳು.

"ಆ ಮೂಲೆ ನಲ್ಲಿಯಲ್ಲಿ ಬಿಸಿ ಬರಲ್ಲ," ಎಂದು ಅವರನ್ನು ಕೂಗಿ ಹೇಳಿದಳು, ಬೀದಿಯಲ್ಲಿ ಗಿರಾಕಿ ಕರೆಯುವ ಧ್ವನಿಯಲ್ಲಿ. "ಈ ಕಡೆ ಬನ್ನಿ. ಇಲ್ಲಿ, ನನ್ನ ಹತ್ರ."

ತಾಯಿ ತಡವರಿಸಿದಳು. ಆಮೇಲೆ ತಿರುಗಿದಳು, ನೇರವಾಗಿ ನೋಡಿದಳು, ಹತ್ತಿರ ಬಂದು ಪುಟ್ಟ ಸ್ಟೂಲು ಎಳೆದುಕೊಂಡು ಕೂತಳು.

"ಯಾವ ಊರಿನವರು?" ಎಂದು ಕೇಳಿದಳು.

"ಇಲ್ಲೇ ಕೋಬೆ. ಬೆಟ್ಟ ದಾಟಿ ನಡ್ಕೊಂಡು ಬಂದ್ವಿ," ಎಂದಳು ಫುಸಾಯೆ. "ಇವಳ ಊಟ ಹಂದಿ ತಿಂದುಬಿಟ್ಟಿತು. ಹೇಳ್ತೀನಿ, ಕೂತ್ಕೊಳ್ಳಿ."